ಗುಂಡಿಯ ಅಂಚಿನ ರಾಯರು

ರಸ್ತೆಯಲ್ಲಿ ನಡೆಯುವಾಗ ಅವರು ನೆಲ ನೋಡಿಕೊಂಡೇ ನಡೆಯುತ್ತಿದ್ದರು. ದಾದರ್ ಸ್ಟೇಶನ್ನಿನ ಗದ್ದಲದಲ್ಲೂ ತಟ್ಟನೆ ನಿಂತು, ಬೂಟಿನ ತುದಿಯಿಂದ ಯಾವುದೋ ಬಿರುಕನ್ನು ಒತ್ತಿ ನೋಡಿ, ಹಿಂದಿನಿಂದ ಬಂದು ಡಿಕ್ಕಿ ಹೊಡೆದವನ ಬೈಗುಳ ಕೇಳಿಸಿಕೊಂಡು, ಏನೂ ಆಗದವರಂತೆ ಮುಂದೆ ಹೋಗುತ್ತಿದ್ದರು. ಮೈಸೂರಿನಲ್ಲಿ ತೀರಿಕೊಂಡರೆಂದು ಅವರ ಮಗಳು ಮೊನ್ನೆ ತಿಳಿಸಿದಾಗ ನನಗೆ ಮುಖಕ್ಕಿಂತ ಮೊದಲು ನೆನಪಾದದ್ದು ಆ ಬೂಟು. ಕರೀ ಬೂಟು. ಆದರೆ ಅದರ ಮೇಲೆ ಯಾವಾಗಲೂ ಕೆಂಪು ಧೂಳು ಕೂತಿರುತ್ತಿದ್ದುದರಿಂದ ಅದರ ನಿಜವಾದ ಬಣ್ಣ ಆಫೀಸಿನಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.

ಆಫೀಸು ಮುಂಬಯಿಯ ಫೋರ್ಟಿನಲ್ಲಿತ್ತು. ಕಟ್ಟಡ, ಸೇತುವೆ, ಅಡಿಪಾಯ ಇಂಥವಕ್ಕೆ ಸಲಹೆ ಕೊಡುವ ಒಂದು ಖಾಸಗಿ ಕಂಪನಿ. ರಾಯರು ಅಲ್ಲಿ ಎಂಜಿನಿಯರು, ನಾನು ಟ್ರೇಸರು. ಅವರು ಪೆನ್ಸಿಲ್ಲಿನಲ್ಲಿ ಗೀಚಿದ ನಕ್ಷೆಗಳನ್ನು ಮೇಣಬಟ್ಟೆಯ ಮೇಲೆ ಶಾಯಿಯಲ್ಲಿ ತೆಗೆಯುವುದು ನನ್ನ ಕೆಲಸ. ನಮ್ಮ ಮನೆ ಆಂಟಾಪ್ ಹಿಲ್ಲಿನಲ್ಲಿ, ಅವರದು ಮಾಟುಂಗದಲ್ಲಿ. ಇಬ್ಬರೂ ಹಳೇ ಮೈಸೂರಿನ ಕಡೆಯವರು. ಹಾಗೆಂದು ನನಗೆ ವಿಶೇಷ ರಿಯಾಯಿತಿಯೇನೂ ಇರಲಿಲ್ಲ. ಒಂದು ಗೆರೆ ಕೂದಲೆಳೆಯಷ್ಟು ದಪ್ಪವಾದರೂ ಕನ್ನಡಕ ಮೇಲೆತ್ತಿ, "ಇನ್ನೊಂದ್ಸಲ ತೆಗಿಯಮ್ಮ" ಅನ್ನುತ್ತಿದ್ದರು. ಮರಾಠಿ ಡ್ರಾಫ್ಟ್ಸ್‌ಮನ್ನುಗಳಿಗೆ ಅದೇ ಮಾತನ್ನು "ಫಿರ್ ಸೇ" ಎಂದು ಹೇಳುತ್ತಿದ್ದರು. ಅವರ ಹಿಂದಿ ಅಲ್ಲಿಂದ ಮುಂದಕ್ಕೆ ಹೆಚ್ಚು ಹೋಗುತ್ತಿರಲಿಲ್ಲ. ಅದಕ್ಕೇ ಅವರಿಗೆ 'ಫಿರ್ ಸೇ ಸಾಹೇಬ್' ಎಂಬ ಹೆಸರು ಬಿದ್ದಿತ್ತು. ಅವರಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ.

ಅವರ ಮುಂದೆ 'ಇರಬಹುದು' ಎನ್ನುವಂತಿರಲಿಲ್ಲ. "ಸರ್, ಆ ಗೋಡೆ ಗಟ್ಟಿ ಇರಬಹುದು" ಎಂದು ಯಾರಾದರೂ ಅಂದರೆ, "ಹೋಗಿ ನೋಡಿದಿರಾ?" ಎನ್ನುತ್ತಿದ್ದರು. ಇಲ್ಲವೆಂದರೆ ಕೋಪಿಸಿಕೊಳ್ಳುತ್ತಿರಲಿಲ್ಲ. ತಾವೇ ಟೋಪಿ ಹಾಕಿಕೊಂಡು ಲೋಕಲ್ ಹಿಡಿಯಲು ಹೊರಡುತ್ತಿದ್ದರು. ಇದು ಕೋಪಕ್ಕಿಂತ ಕೆಟ್ಟದಾಗಿರುತ್ತಿತ್ತು.

ವಿಲೆ ಪಾರ್ಲೆಯ ಗುಂಡಿಯ ಕೆಲಸ ಬಂದದ್ದು ಐವತ್ತರ ದಶಕದ ಒಂದು ಬೇಸಿಗೆಯಲ್ಲಿ. ಆಗ ಪಾರ್ಲೆಯ ಪೂರ್ವಕ್ಕೆ, ಹಳಿ ದಾಟಿ ಸ್ವಲ್ಪ ಒಳಗೆ ಹೋದರೆ ಸಣ್ಣಪುಟ್ಟ ಗುಡ್ಡಗಳಿದ್ದವು. ಊರು ಉತ್ತರಕ್ಕೆ ಬೆಳೆಯುತ್ತಿತ್ತು. ಹೊಸ ರಸ್ತೆ, ಹೊಸ ಬಿಲ್ಡಿಂಗು, ಎಲ್ಲದರ ಬುಡಕ್ಕೂ ಗರಸು ಬೇಕು. ಗರಸೆಂದರೆ ಜಲ್ಲಿ ಬೆರೆತ ಕೆಂಪು ಮಣ್ಣು, ಮುಂಬಯಿಯವರು ಮುರೂಮ್ ಅನ್ನುತ್ತಾರೆ. ಒಬ್ಬ ಸೇಠರು ತಮ್ಮ ಗುಡ್ಡವನ್ನು ಬಗೆದು ಗರಸು ಮಾರುತ್ತಿದ್ದರು. ಅಗೆಯುತ್ತಾ ಅಗೆಯುತ್ತಾ ಗುಂಡಿ ದೊಡ್ಡದಾಗಿ, ಅದರ ಒಂದು ಅಂಚು ಗುಡ್ಡದ ಮೇಲಿದ್ದ ಎರಡಂತಸ್ತಿನ ಚಾಳಿನ ಹಿತ್ತಿಲಿಗೆ ಬಂದು ಮುಟ್ಟಿತ್ತು. ಆ ಚಾಳೂ, ಎಂದರೆ ಬಾಡಿಗೆಯ ವಠಾರವೂ, ಸೇಠರದೇ. ಇನ್ನು ಮುಂದೆ ಅಗೆಯಬೇಕಾದರೆ ಇಳಿಜಾರು ನಿಲ್ಲುತ್ತದೋ ಇಲ್ಲವೋ ಎಂದು ಎಂಜಿನಿಯರರ ಅಭಿಪ್ರಾಯ ತನ್ನಿ ಎಂದು ಮುನಿಸಿಪಾಲಿಟಿಯ ವಾರ್ಡ್ ಆಫೀಸಿನವರು ಹೇಳಿದ್ದರು. ಸೇಠರು ನಮ್ಮ ಕಂಪನಿಗೆ ಬಂದರು.

ನನ್ನನ್ನು ರಾಯರು ಜೊತೆಗೆ ಕರೆದುಕೊಂಡು ಹೋದದ್ದಕ್ಕೆ ಕಾರಣವಿತ್ತು. ಅಂಚಿಗೆ ಅಂಟಿಕೊಂಡ ಆ ಹಿತ್ತಿಲು ಹೆಂಗಸರು ಬಟ್ಟೆ ಒಗೆಯುವ, ಮೀಯುವ ಜಾಗ. ಗಂಡಸರು ಟೇಪು ಹಿಡಿದುಕೊಂಡು ಅಲ್ಲಿ ಓಡಾಡುವುದು ಸಾಧ್ಯವಿರಲಿಲ್ಲ. "ನೀನು ಅಳೆದು ಹೇಳು, ನಾನು ಇಲ್ಲಿ ನಿಂತು ಬರ್ಕೋತೀನಿ" ಎಂದರು.

ಚಾಳಿನಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರು. ಗಂಡಸರೆಲ್ಲ ಹೋಟೆಲುಗಳಲ್ಲಿ ದುಡಿಯುವವರು. ಹಿತ್ತಿಲಿನ ಯಜಮಾನಿಕೆ ಗಿರಿಜಕ್ಕನದು. ಗಂಡ ಹೋಟೆಲಿನಲ್ಲಿ ಅಡಿಗೆಯವನು. ಗಿರಿಜಕ್ಕ ನನ್ನ ಕೈಯಲ್ಲಿನ ಟೇಪನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಎಂತ ಅಳೆಯುದು? ನಮ್ಮನ್ನು ಎಬ್ಬಿಸ್ಲಿಕ್ಕೆ ಬಂದದ್ದಾ?"

"ಇಲ್ಲ, ನೆಲದಲ್ಲಿ ಬಿರುಕು ಇದೆಯಾ ಅಂತ ನೋಡ್ಬೇಕು."

"ಬಿರುಕು ಉಂಟು. ಅದಕ್ಕೆ ನಾವು ಬೂದಿ ತುಂಬಿಸಿದ್ದೇವೆ. ಅದಕ್ಕೆಲ್ಲ ಎಂಜಿನಿಯರು ಬೇಕಾ?"

ನಿಜವೇ. ಒಲೆಯ ಬೂದಿಯನ್ನೆಲ್ಲ ಅವರು ಆ ಬಿರುಕಿಗೆ ಸುರಿದಿದ್ದರು. ನಾನು ಕೋಲಿನಿಂದ ಬೂದಿ ಕೆದಕಿ ಕೈ ಇಳಿಸಿದೆ. ಮೊಣಕೈಯವರೆಗೆ ಹೋದರೂ ತಳ ಸಿಗಲಿಲ್ಲ. ಬಿರುಕು ಅಂಚಿಗೆ ಸಮಾನಾಂತರವಾಗಿ ಹಿತ್ತಿಲಿನ ಉದ್ದಕ್ಕೂ ಹೋಗಿತ್ತು. ಪಕ್ಕದಲ್ಲೇ ಒಗೆಯುವ ಕಲ್ಲು, ಅದರ ಮೋರಿಯ ನೀರು ನೇರ ಬಿರುಕಿನ ಕಡೆಗೆ. ಹೊರಗೆ ನಿಂತ ರಾಯರಿಗೆ ಕೂಗಿ ಹೇಳಿದೆ. ಅವರು ಬರೆದುಕೊಂಡರು. ಆಮೇಲೆ, "ಇನ್ನೊಂದ್ಸಲ ನೋಡಮ್ಮ" ಎಂದರು.

ಚಾಳಿನ ಗೋಡೆಗಳ ಮೇಲೆ ಕೂದಲಿನಂಥ ಸೀಳುಗಳಿದ್ದಲ್ಲಿ ಅವರು ಗಾಜಿನ ತೆಳು ಪಟ್ಟಿಗಳನ್ನು ಗಾರೆಯಿಂದ ಅಡ್ಡಕ್ಕೆ ಅಂಟಿಸಿದರು. ಗೋಡೆ ಒಂದಿಷ್ಟು ಸರಿದರೂ ಗಾಜು ಒಡೆಯುತ್ತದೆ. ಇದನ್ನು ಚಾಳಿನವರಿಗೆ ವಿವರಿಸಿದ್ದೂ ಆಯಿತು. ಆದರೂ ಮುಂದಿನ ವಾರ ಹೋದಾಗ ಒಂದು ಪಟ್ಟಿ ಇರಲಿಲ್ಲ. ಮಾಟವೋ ಏನೋ ಎಂದು ಯಾರೋ ಕಿತ್ತು ಬಿಸಾಡಿದ್ದರು. ಉಳಿದವೆಲ್ಲ ಇಡಿಯಾಗಿದ್ದವು. ರಾಯರು ಇನ್ನೊಂದನ್ನು ಅಂಟಿಸಿದರು.

ಕೆಳಗೆ, ಗುಂಡಿಯ ತಳದಲ್ಲಿ, ಅದೇ ಇಳಿಜಾರಿನ ಬುಡಕ್ಕೆ ಒತ್ತಿಕೊಂಡು ಅಗೆಯುವ ಆಳುಗಳ ಗುಡಿಸಲುಗಳಿದ್ದವು. ವಿಜಾಪುರದ ಕಡೆಯ ಜನ. ಮಧ್ಯಾಹ್ನದ ಮೇಲೆ ಅಲ್ಲಿ ನೆರಳು ಬರುತ್ತಿತ್ತು, ಅದಕ್ಕೇ ಅಲ್ಲಿ ಕಟ್ಟಿಕೊಂಡಿದ್ದರು. ವಾರ್ಡ್ ಆಫೀಸಿನ ಕಾಗದದಲ್ಲಿ ಮೇಲಿನ ಚಾಳಿನ ಮಾತಷ್ಟೇ ಇತ್ತು. ಗುಡಿಸಲಿನ ಪ್ರಸ್ತಾಪವೇ ಇರಲಿಲ್ಲ.

ಸೇಠರು ಗುಂಡಿಯ ಬಾಯಲ್ಲಿ ಕುರ್ಚಿ ಹಾಕಿಸಿ ನಮಗೆ ತಣ್ಣನೆಯ ನೀರು ಕೊಟ್ಟರು. ನಗುಮುಖದ ಮನುಷ್ಯ. "ರಾವ್‌ಸಾಬ್, ನೀವು ಸೇಫ್ ಅಂತ ಬರೆದರೆ ಇಲ್ಲೇ ಅಗೆಯುತ್ತೇನೆ. ಡೇಂಜರ್ ಅಂತ ಬರೆದರೆ ಚಾಳು ಖಾಲಿ ಮಾಡಿಸಿ, ಕೆಡವಿ, ಅದರ ಕೆಳಗೂ ಅಗೆಯುತ್ತೇನೆ. ಮೇರೇ ಕೋ ದೋನೋ ಚಲೇಗಾ, ನನಗೆ ಎರಡೂ ಒಂದೇ. ಯಾವುದಾದರೂ ಒಂದನ್ನು ಬೇಗ ಬರೆದುಕೊಡಿ" ಎಂದು ಹಿಂದಿಯಲ್ಲಿ ಹೇಳಿದರು. ಹಳೆಯ ಬಾಡಿಗೆದಾರರನ್ನು ಸುಮ್ಮನೆ ಎಬ್ಬಿಸಲು ಕಾನೂನು ಬಿಡುತ್ತಿರಲಿಲ್ಲ. ಅಪಾಯವೆಂದು ಎಂಜಿನಿಯರು ಬರೆದುಕೊಟ್ಟರೆ ದಾರಿ ಸಲೀಸು. ರಾಯರು ನೀರು ಕುಡಿದು ಲೋಟ ಕೆಳಗಿಟ್ಟು, "ದೇಖೇಂಗೆ", ನೋಡೋಣ, ಎಂದರು.

ಅಂದು ಹಿಂದಿರುಗುವಾಗ ಮಾಟುಂಗದ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಅವರು ಸಕ್ಕರೆ ಡಬ್ಬಿಯನ್ನು ಮೇಜಿನ ಮೇಲೆ ಬಗ್ಗಿಸಿದರು. ಸಕ್ಕರೆ ಸಣ್ಣ ಗುಡ್ಡವಾಗಿ ಕೂತಿತು. "ಇದು ಇದರ ಸ್ವಭಾವ. ಒಣಗಿದ್ದಾಗ ಇಷ್ಟೇ ಓರೆ ನಿಲ್ಲೋದು" ಎಂದರು. ಚಮಚದಿಂದ ನಾಲ್ಕು ಹನಿ ನೀರು ಹಾಕಿ ಬೆರಳಿಂದ ಒತ್ತಿದರು. ಸಕ್ಕರೆ ಈಗ ಗೋಡೆಯಂತೆ ನೆಟ್ಟಗೆ ನಿಂತಿತು. "ಈಗ ಹಸಿ ಹಿಡ್ಕೊಂಡಿದೆ. ಸೇಠರ ಇಳಿಜಾರು ನಿಂತಿರೋದು ಹೀಗೆ. ನೋಡಿದವರು ಏನಂತಾರೆ? ಎಷ್ಟು ವರ್ಷದಿಂದ ನಿಂತಿದೆ, ಇನ್ನೇನಾಗುತ್ತೆ ಅಂತಾರೆ." ಆಮೇಲೆ ಲೋಟದ ನೀರನ್ನು ಮೆಲ್ಲಗೆ ಹಿಂದಿನಿಂದ ಬಿಟ್ಟರು. ಸಕ್ಕರೆಯ ಗೋಡೆ ಬುಡದಲ್ಲಿ ಉಬ್ಬಿ ಸದ್ದಿಲ್ಲದೆ ಕುಸಿಯಿತು.

"ಸಕ್ಕರೆ ಕಾಪಿಗೆ ಹಾಕ್ಲಿಕ್ಕೆ ಇಟ್ಟದ್ದು ಸ್ವಾಮಿ" ಎಂದು ಸಪ್ಲೈಯರು ಬಟ್ಟೆ ತಂದು ಒರೆಸಿದ. ರಾಯರು ಅವನ ಕ್ಷಮೆ ಕೇಳಿ ನನ್ನ ಕಡೆ ತಿರುಗಿದರು. "ಸೇಫ್ ಅನ್ನೋದೂ ಸುಳ್ಳು, ಡೇಂಜರ್ ಅನ್ನೋದೂ ಸುಳ್ಳು. ಚಾಳಿಗೆ ಏನೂ ಆಗಿಲ್ಲ, ಗಾಜು ಒಡೆದಿಲ್ಲ. ಕೆಟ್ಟಿರೋದು ಇಳಿಜಾರು. ಬುಡ ತುಂಬಿಸಿ, ಮೇಲಿನ ನೀರು ತಿರುಗಿಸಿದರೆ ಅದು ನಿಲ್ಲುತ್ತೆ. ಯಾರೂ ಮನೆ ಬಿಡಬೇಕಾಗಿಲ್ಲ."

ವರದಿಯಲ್ಲಿ ಅದನ್ನೇ ಬರೆದರು. ಅಗೆತ ನಿಲ್ಲಿಸಿ, ಮಳೆಗೆ ಮುಂಚೆ ಬುಡಕ್ಕೆ ಕಲ್ಲುಮಣ್ಣು ತುಂಬಿ, ಗುಡಿಸಲುಗಳನ್ನು ದೂರ ಸರಿಸಿ, ಚಾಳನ್ನು ಮುಟ್ಟಬೇಡಿ. ಅದು ಯಾರಿಗೂ ಬೇಡವಾದ ವರದಿ. ಕಂಪನಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರು ಅವರನ್ನು ಕರೆಸಿದರು. ನಾನು ನಕ್ಷೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

"ಕ್ಲಯಂಟ್ ಕೇಳಿದ್ದು ಹೌದೋ ಅಲ್ಲವೋ ಅಂತ" ಎಂದರು ದೊಡ್ಡ ಸಾಹೇಬರು ಇಂಗ್ಲಿಷಿನಲ್ಲಿ. "ನಿಮಗೆ ಕಷ್ಟವಾದರೆ ಬೇರೆಯವರು ಸಹಿ ಹಾಕುತ್ತಾರೆ."

"ಹಾಕಲಿ ಸರ್. ನಾನು ನೋಡಿದ್ದನ್ನು ವಾರ್ಡ್ ಆಫೀಸಿಗೆ ನಾನೇ ಹೋಗಿ ಹೇಳುತ್ತೇನೆ."

ದನಿ ಏರಿರಲಿಲ್ಲ. ಹೊರಗೆ ಮಳೆ ಬರುವ ಹಾಗಿದೆ ಎಂದಂತೆ ಹೇಳಿದರು. ಬೇರೆ ಯಾರೂ ಸಹಿ ಹಾಕಲಿಲ್ಲ. ಆ ಮಾತು ಕೇಳಿದ ಮೇಲೆ ಯಾರಿಗೂ ಧೈರ್ಯ ಬರಲಿಲ್ಲ. ವರದಿ ವಾರ್ಡ್ ಆಫೀಸಿಗೆ ಹೋಯಿತು, ಗುಂಡಿಯ ಕೆಲಸ ಪೂರ್ತಿ ನಿಲ್ಲಿಸುವಂತೆ ಹುಕುಂ ಬಂತು. ಸೇಠರು ನಿಲ್ಲಿಸಿದರು. "ತುಂಬಿಸಿ ಅಂತ ಹುಕುಮಿನಲ್ಲಿ ಇಲ್ಲವಲ್ಲ" ಎಂದು ಕೈಕಟ್ಟಿ ಕೂತರು. ಬುಡ ಕೊರೆದ ಇಳಿಜಾರು ಹಾಗೇ ಉಳಿಯಿತು. ಮಳೆ ಹತ್ತಿರವಾಗುತ್ತಿತ್ತು.

ಇಲ್ಲಿಗೆ ಅವರ ಕೆಲಸ ಮುಗಿಯಿತೆಂದೇ ನಾನು ತಿಳಿದಿದ್ದೆ. ಮಾರನೆಯ ದಿನ ಅವರ ಮೇಜು ಖಾಲಿ. ರಜೆ ಬರೆದುಕೊಟ್ಟು ಪಾರ್ಲೆಗೆ ಹೋಗಿದ್ದರು. ದಿನಾ ಹೋದರು. ಶನಿವಾರ ಅರ್ಧ ದಿನದ ಮೇಲೆ, ಭಾನುವಾರ, ನಾನೂ ಹೋಗತೊಡಗಿದೆ. "ರಜೆ ದಿನಾನೂ ಗುಂಡಿ ನೋಡೋಕೆ ಹೋಗ್ತೀಯೇನೇ?" ಎಂದು ನಮ್ಮ ತಂದೆ ಕೇಳಿದರು. ಹೆಂಗಸರ ಹಿತ್ತಿಲಿನ ಕೆಲಸ ನನ್ನದಾಗಿತ್ತು, ಬಿಡುವ ಮನಸ್ಸಿರಲಿಲ್ಲ.

ಒಗೆಯುವ ಕಲ್ಲನ್ನು ಹಿಂದಿನಿಂದ ಮುಂದಕ್ಕೆ ಒಯ್ಯಬೇಕೆಂದು ಹೇಳಿದಾಗ ಹಿತ್ತಿಲಿನಲ್ಲಿ ದೊಡ್ಡ ಗಲಾಟೆಯಾಯಿತು. ಮುಂದೆ ರಸ್ತೆ. ಹೋಗುವವರು ಬರುವವರು ನೋಡುವಂತೆ ಮೀಯುವುದೆಂತು? ಗಿರಿಜಕ್ಕ ಕೇಳಿದರು. ನಾನು ಗೋಣಿತಾಟಿನ ಮರೆ ಕಟ್ಟೋಣ ಎಂದೆ. ಗೋಣಿ ಹಾರುತ್ತದೆ, ತಗಡು ಬೇಕು ಎಂದರು ಅವರು. ಮಾತಿಗೆ ಮಾತು ಬೆಳೆದು ಕೊನೆಗೆ ಅವರೇ ನೆಲದ ಮೇಲೆ ಇದ್ದಿಲಿನಿಂದ ಎಲ್ಲಿ ಕಲ್ಲು, ಎಲ್ಲಿ ಮರೆ, ನೀರು ಯಾವ ಕಡೆ ಹೋಗಬೇಕು ಎಂದು ಗೆರೆ ಎಳೆದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಗೆ ರಾಯರ ಎದುರಿಗೆ ಹೋಗಿ ನಿಂತರು.

"ನಾವು ನೀರು ನಿಲ್ಲಿಸ್ತೇವೆ. ನೀವು ಎಂತ ಮಾಡ್ತೀರಿ?"

"ನಾನು ಬುಡ ತುಂಬಿಸ್ತೀನಮ್ಮ."

ಯಾರ ಆಳು, ಯಾರ ಗಾಡಿ, ಯಾವ ಅಧಿಕಾರದಿಂದ ಎಂಬುದು ಆ ಕ್ಷಣಕ್ಕೆ ಅವರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ನಾನು ಕೇಳಿದ್ದಕ್ಕೆ, "ಹೇಳಿ ಆಯ್ತಲ್ಲ, ಇನ್ನು ಹುಡುಕಬೇಕು" ಎಂದರು.

ಹುಡುಕಿದ್ದು ಗುಂಡಿಯ ಆಚೆ ಬದಿಯಲ್ಲಿ. ಅಲ್ಲಿ ಮೇಲೆ ಯಾವ ಕಟ್ಟಡವೂ ಇರಲಿಲ್ಲ. ಬಿರುಕಿಲ್ಲ, ನೀರಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದರೆ ಅಲ್ಲಿ ನಿರಾತಂಕವಾಗಿ ಅಗೆಯಬಹುದು. ಆದರೆ ಒಳ್ಳೆ ಗರಸು ಸಿಗಬೇಕಾದರೆ ಮೊದಲು ಮೇಲಿನ ದಪ್ಪ ಕಲ್ಲುಮಣ್ಣನ್ನು ಕಿತ್ತು ಎಲ್ಲಾದರೂ ಸುರಿಯಬೇಕು. ರಾಯರು ಬಿಸಿಲಿನಲ್ಲಿ ಆ ಬದಿಯನ್ನೆಲ್ಲ ಅಳೆದು, ಇಳಿಜಾರಿನ ಓರೆ ಹಿಡಿದು, ಎರಡನೆಯ ಬಾರಿಯೂ ಅಳೆದು, ಸೇಠರ ಮನೆಗೆ ಹೋದರು. ಆ ಬದಿ ಅಗೆಯಲು ಅಡ್ಡಿಯಿಲ್ಲವೆಂದು ಬರೆದುಕೊಡುತ್ತೇನೆ, ಕಿತ್ತ ಮಣ್ಣನ್ನು ಮಾತ್ರ ಚಾಳಿನ ಕೆಳಗಿನ ಬುಡಕ್ಕೆ ಹಾಕಿಸಿ ಎಂದರು. ಸೇಠರು ಒಪ್ಪಿಕೊಂಡು, "ಆಪ್ ಛೋಡೋಗೆ ನಹೀಂ" ಎಂದರಂತೆ. ನೀವು ಬಿಡುವವರಲ್ಲ. ರಾಯರಿಗೆ ಆ ಹಿಂದಿ ಚೆನ್ನಾಗಿ ಅರ್ಥವಾಗಿತ್ತು.

ಇನ್ನು ಉಳಿದದ್ದು ಗುಡಿಸಲು. ಆಳುಗಳ ಮೇಸ್ತ್ರಿ, ಮುಕಾದಮ ಯಲ್ಲಪ್ಪ ವಯಸ್ಸಾದವನು, ಎಷ್ಟೋ ಗುಡ್ಡ ಅಗೆದವನು. "ಇದು ಬೀಳಂಗಿಲ್ರಿ ಸಾಹೇಬ್ರ. ನಾವು ದಿನಾ ಇದರ ಬಗಲಾಗ ಮಲಗತೀವಿ. ಅಲ್ಲಿ ಬಯಲಾಗ ಹ್ವಾದ್ರ ಬಿಸಲಾಗ ಸುಡತೀವಿ" ಎಂದ. ರಾಯರು ನೀರಿನ ವಿಷಯ ಹೇಳಿದರು, ಬಿರುಕಿನ ವಿಷಯ ಹೇಳಿದರು. ಯಲ್ಲಪ್ಪ ಎಲ್ಲದಕ್ಕೂ ತಲೆಯಾಡಿಸಿದ, ಆದರೆ ಜಾಗ ಬಿಡಲಿಲ್ಲ. ಆಗ ರಾಯರು, "ಸರಿ, ನೀವು ಹೋಗೋವರೆಗೂ ನಾನೂ ಇಲ್ಲೇ ಕೂತಿರ್ತೀನಿ" ಎಂದು ಗುಡಿಸಲಿನ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟರು.

ಹಟಕ್ಕೆ ಆಡಿದ ಮಾತೆಂದು ಆಳುಗಳು ನಕ್ಕರು. ರಾಯರು ಮಾರನೆಯ ದಿನವೂ ಬಂದು ಅಲ್ಲೇ ಕೂತರು. ಅಂದು ಭಾನುವಾರ, ನಾನು ಕಣ್ಣಾರೆ ನೋಡಿದೆ. ಸಾಂತಾಕ್ರೂಜಿನಿಂದ ಎದ್ದ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಆ ಸದ್ದಿಗೆ ಇಳಿಜಾರಿನಿಂದ ಒಂದಷ್ಟು ಜಲ್ಲಿ ಉದುರಿ ಅವರ ಬೂಟಿನ ಹತ್ತಿರ ಬಂದು ನಿಂತಿತು. ರಾಯರ ಮುಖದ ಬಣ್ಣ ಇಳಿಯಿತು. ಕೂತ ಕಲ್ಲಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು. ಏಳಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಯಲ್ಲಪ್ಪನ ಹೆಂಡತಿ ಮಲ್ಲವ್ವ ಇದನ್ನು ನೋಡಿದಳು. ಕೈಯ ಹಿಟ್ಟು ಒರೆಸಿಕೊಂಡು ಗಂಡನ ಹತ್ತಿರ ಹೋದಳು.

"ಅಂವ ಹೆದರ್ಯಾನ, ನೋಡು."

"ಹೆದರಿದ್ರ ಎದ್ದು ಹೋಗಲಿ, ಯಾರು ಬ್ಯಾಡಂದಾರ?"

"ಹೆದರಿನೂ ಕುಂತಾನಲ್ಲ. ಓದಿದಾಂವ, ಗೊತ್ತಿದ್ದಾಂವ, ಸುಮ್ನ ಹೆದರತಾನೇನು? ನಾ ಏಳತೀನಿ. ನೀ ಬೇಕಾದ್ರ ಇರು."

ಅವಳು ಮೊದಲು ರೊಟ್ಟಿಯ ಹಂಚು ಎತ್ತಿಕೊಂಡಳು. ಅವಳ ಹಿಂದೆ ಬೇರೆ ಹೆಂಗಸರು, ಅವರ ಹಿಂದೆ ಗಂಡಸರು. ಸಂಜೆಯ ಹೊತ್ತಿಗೆ ಗುಡಿಸಲುಗಳ ಬಿದಿರು ಗಳು, ಚಾಪೆ, ತಗಡು ಎಲ್ಲ ಗುಂಡಿಯ ಬಾಯಿಯ ಬಯಲಿಗೆ ಹೋಗಿದ್ದವು. ರಾಯರೂ ಒಂದು ಗಳು ಹೊತ್ತರು. ಹೋಗುವಾಗ ಯಲ್ಲಪ್ಪ, "ಸಾಹೇಬ್ರ, ಕಡೀಕ ಎದ್ರಲ್ಲ" ಎಂದ. "ನೀವು ಎದ್ದರಲ್ಲ, ಅದಕ್ಕೆ" ಎಂದರು.

ಬುಡ ತುಂಬುವ ಕೆಲಸ ದಕ್ಷಿಣದ ತುದಿಯಿಂದ ಶುರುವಾಯಿತು. ಅಲ್ಲಿ ಇಳಿಜಾರು ಹೆಚ್ಚು ಕಡಿದಾಗಿತ್ತು, ಅದೇ ಮೊದಲು ಜಾರುತ್ತದೆಂದು ರಾಯರ ಲೆಕ್ಕ. ಆಳುಗಳು ಆಚೆ ಬದಿಯಿಂದ ಗಾಡಿಗಟ್ಟಲೆ ಕಲ್ಲುಮಣ್ಣು ತಂದು ಸುರಿದು, ಪದರ ಪದರವಾಗಿ ದಮ್ಮಸ್ಸು ಮಾಡಿದರು. ಮೇಲೆ ಗಿರಿಜಕ್ಕನ ಹೊಸ ಒಗೆಯುವ ಕಟ್ಟೆಯೂ ಎದ್ದಿತು, ತಗಡಿನ ಮರೆಯೊಂದಿಗೆ. ಆದರೆ ಮಳೆ ನಮಗಾಗಿ ಕಾಯಲಿಲ್ಲ. ಉತ್ತರದ ತುದಿ ತುಂಬುವುದು ಬಾಕಿಯಿರುವಾಗಲೇ ಹಿಡಿದುಕೊಂಡಿತು, ಮುಂಬಯಿಯ ಮಳೆ.

ಒಂದು ಮುಂಜಾನೆ, ಹೆಂಗಸರು ಮುಂದಿನ ಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಹಿತ್ತಿಲು ಹೋಯಿತು. ಉತ್ತರದ ತುದಿ. ಹಳೆಯ ಒಗೆಯುವ ಕಲ್ಲು, ಬೇಲಿ, ಪಪ್ಪಾಯಿ ಗಿಡ, ಎಲ್ಲ ಒಂದೇ ತುಂಡಾಗಿ ಕೆಳಗಿಳಿದವು. ಗುಡಿಸಲುಗಳು ಇದ್ದ ಜಾಗದ ಮೇಲೆ ಆಳೆತ್ತರಕ್ಕೂ ಮೀರಿ ಗರಸು ಬಂದು ಕೂತಿತು. ಚಾಳಿನ ಗೋಡೆ ಅಲ್ಲಾಡಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಸುದ್ದಿ ಆಫೀಸಿಗೆ ಬಂದಾಗ ರಜೆ ಮುಗಿಸಿ ಬಂದಿದ್ದ ರಾಯರು ಮೇಜಿನ ಮುಂದಿದ್ದರು. ಇಬ್ಬರೂ ಲೋಕಲ್ ಹಿಡಿದು ಹೋದೆವು. ಮಲ್ಲವ್ವ ತಾನು ಮಲಗುತ್ತಿದ್ದ ಜಾಗವನ್ನು ದೂರದಿಂದ ನೋಡುತ್ತಾ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದಳು. ಯಲ್ಲಪ್ಪ ರಾಯರ ಕಾಲು ಮುಟ್ಟಲು ಬಗ್ಗಿದ. ರಾಯರು ಹಿಂದೆ ಸರಿದರು.

"ಬೇಡಪ್ಪ. ನಾನು ತಪ್ಪು ತುದೀನ ಮೊದಲು ತುಂಬಿಸಿದೆ."

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಗಿರಿಜಕ್ಕ ಕೊಡೆ ಹಿಡಿದು ಬಂದು, "ಹಿತ್ತಿಲು ಹೋದ್ರೆ ಹೋಗ್ಲಿ, ಜೀವ ಉಂಟಲ್ಲ. ಒಳಗೆ ಬನ್ನಿ, ಕಾಪಿ ಕುಡೀರಿ" ಎಂದರು. ರಾಯರು ಹೋಗಲಿಲ್ಲ. ಮಳೆಯಲ್ಲೇ ಇಳಿಜಾರಿನ ಎದುರಿಗೆ ನಿಂತು ಉತ್ತರದ ತುದಿಯಲ್ಲಿ ನೀರು ಎಲ್ಲಿಂದ ಒಸರುತ್ತಿದೆ ಎಂದು ನೋಡುತ್ತಿದ್ದರು. ಅಲ್ಲಿ ಗರಸಿನ ನಡುವೆ ಜೇಡಿಯ ತೆಳು ಪದರವೊಂದಿತ್ತು. ಅದರ ಮೇಲೆ ನೀರು ಸೇರಿ, ಮೇಲಿನದೆಲ್ಲ ಜಾರಿತ್ತು. ಒಣ ಬೇಸಿಗೆಯಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಎಲ್ಲರೂ ಅವರ ಕೈಕುಲುಕಿದರು. ದೊಡ್ಡ ಸಾಹೇಬರೂ ತಮ್ಮ ಕೋಣೆಯಿಂದ ಹೊರಬಂದರು. ರಾಯರು ಎದ್ದು ನಿಂತು ಒಂದು ಹಾಳೆಯನ್ನು ಅವರ ಕೈಗಿಟ್ಟರು. ವಾರ್ಡ್ ಆಫೀಸಿಗೆ ಕಳಿಸಲು ಬರೆದ ಎರಡನೆಯ ವರದಿ. ಯಾವ ತುದಿ ಮೊದಲು ಜಾರುತ್ತದೆ ಎಂಬ ತಮ್ಮ ತೀರ್ಮಾನ ತಪ್ಪಾಗಿತ್ತು, ಜೇಡಿಯ ಪದರವನ್ನು ತಾವು ಹುಡುಕಬೇಕಿತ್ತು, ಹುಡುಕಿರಲಿಲ್ಲ ಎಂದು ಅದರಲ್ಲಿತ್ತು.

ದೊಡ್ಡ ಸಾಹೇಬರು ನಿಂತಲ್ಲೇ ಓದಿದರು. "ಒಂದು ಜೀವವೂ ಹೋಗಿಲ್ಲ. ಇದನ್ನು ನಿಮ್ಮಿಂದ ಯಾರೂ ಕೇಳಿಲ್ಲ. ಯಾಕೆ ಬರೆದಿರಿ?"

"ಇನ್ನೊಂದು ಗುಂಡಿ ನೋಡೋಕೆ ಹೋಗೋವನಿಗೆ ಇದು ಗೊತ್ತಿರಬೇಕು ಸರ್."

"ಯಾರು ಹೋಗುತ್ತಾರೆ ಇನ್ನೊಂದು ಗುಂಡಿಗೆ?"

"ನಾನೇ" ಎಂದರು ರಾಯರು. ಟೋಪಿ ಹಾಕಿಕೊಂಡು, ಒದ್ದೆ ಕೋಟು ಏರಿಸಿಕೊಂಡು ಪಾರ್ಲೆಗೆ ಹೊರಟರು. ಉತ್ತರದ ತುದಿ ತುಂಬುವುದು ಇನ್ನೂ ಬಾಕಿಯಿತ್ತು.